ಕಷಾಯಗಳ ಪುಸ್ತಕ ಬೀಗದಿಂದ ಹೊರಬಂದ ಕಥೆ

ಈ ವಾರದ ಮಾತಿನ ಬರಹರೂಪ ಇದು. ವಿಡಿಯೋದಲ್ಲಿ ಅವಸರವಾಗಿ ಹೇಳಿ ಮುಂದೆ ಹೋದ ಕೆಲವು ವಿಷಯಗಳನ್ನು ಇಲ್ಲಿ ಸ್ವಲ್ಪ ಬಿಡಿಸಿ ಬರೆದಿದ್ದೇನೆ.

ಕಷಾಯ ಅಂದ್ರೆ ನಮಗೆಲ್ಲ ಮೊದಲು ನೆನಪಾಗೋದು ನೆಗಡಿ ಬಂದಾಗ ಅಮ್ಮ ಕುದಿಸಿ ಕೊಡೋ ಶುಂಠಿ, ಮೆಣಸು, ಧನಿಯಾ. ಜೈನರ ಶಾಸ್ತ್ರದಲ್ಲಿ ಅದೇ ಪದಕ್ಕೆ ಬೇರೆ ಅರ್ಥ ಇದೆ. ಕ್ರೋಧ, ಮಾನ, ಮಾಯೆ, ಲೋಭ – ಈ ನಾಲ್ಕು ಕಷಾಯಗಳು. ನಮ್ಮ ಮಾತಲ್ಲಿ ಹೇಳೋದಾದ್ರೆ ಸಿಟ್ಟು, ಸೊಕ್ಕು, ಕಪಟ, ದುರಾಸೆ. ಈ ಹೆಸರು ಯಾಕೆ ಬಂತು ಅನ್ನೋದಕ್ಕೆ ಪೂಜ್ಯಪಾದರು ಒಂದು ಸೊಗಸಾದ ಹೋಲಿಕೆ ಕೊಡುತ್ತಾರೆ. ಆಲದಂಥ ಮರಗಳ ಒಗರು ರಸ ಹೇಗೆ ಬಣ್ಣವನ್ನು ಅಂಟಿಸುತ್ತದೋ, ಹಾಗೆ ಈ ನಾಲ್ಕು ಕರ್ಮವನ್ನು ಆತ್ಮಕ್ಕೆ ಅಂಟಿಸುತ್ತವೆ. ಧೂಳು ಎಲ್ಲರ ಮೇಲೂ ಬೀಳುತ್ತೆ. ಒಣಗಿದ ಗೋಡೆ ಆದ್ರೆ ಉದುರಿ ಹೋಗುತ್ತೆ, ಅಂಟು ಇದ್ದ ಗೋಡೆ ಆದ್ರೆ ಕೂತುಬಿಡುತ್ತೆ.

ಇವತ್ತಿನ ವಿಷಯ ಈ ಅಂಟಿನ ಬಗ್ಗೆ ಬರೆದ ಒಂದು ಪುಸ್ತಕ. ಅದು ಶತಮಾನಗಳ ಕಾಲ ಕನ್ನಡ ಲಿಪಿಯ ತಾಳೆಗರಿಯಲ್ಲಿ, ಕರಾವಳಿಯ ಒಂದು ಊರಿನಲ್ಲಿ, ಬೀಗದ ಹಿಂದೆ ಇತ್ತು. ಅದು ಹೊರಗೆ ಬಂದ ಕಥೆಯಲ್ಲಿ ಆ ಪುಸ್ತಕ ವರ್ಣಿಸುವ ಕಷಾಯಗಳೇ ಪಾತ್ರ ವಹಿಸಿವೆ. ಆ ಕಥೆಯ ಒಬ್ಬ ಮುಖ್ಯ ವ್ಯಕ್ತಿಯ ಹೆಸರನ್ನು ಪುಣೆಯಲ್ಲಿರುವ ನೀವು ಬಹುಶಃ ಬೋರ್ಡಿನ ಮೇಲೆ ಓದಿದ್ದೀರಿ.

ಮಾಡೆಲ್ ಕಾಲೊನಿಯ ಆ ಹೆಸರು

ಮಾಡೆಲ್ ಕಾಲೊನಿಯಲ್ಲಿ ಸೇಠ್ ಹೀರಾಚಂದ್ ನೇಮಚಂದ್ ಹೆಸರಿನ ದಿಗಂಬರ ಜೈನ ವಿದ್ಯಾರ್ಥಿನಿಲಯ ಇದೆ. 2025ರಲ್ಲಿ ಅದರ ಜಾಗದ ಮಾರಾಟದ ವಿವಾದ ಪತ್ರಿಕೆಗಳಲ್ಲಿ ಬಂದಾಗ ಆ ಹೆಸರು ತುಂಬಾ ಜನರ ಕಿವಿಗೆ ಬಿತ್ತು. ಆದರೆ ಅವರು ಯಾರು ಅಂತ ಕೇಳಿದವರು ಕಡಿಮೆ.

ಹೀರಾಚಂದ್ ನೇಮಚಂದ್ ದೋಶಿ ಸೊಲ್ಲಾಪುರದ ವ್ಯಾಪಾರಿ. ಅವರ ಮಗ ವಾಲ್‌ಚಂದ್ ಹೀರಾಚಂದ್. ಬೆಂಗಳೂರಿನಿಂದ ಬಂದ ಇಂಜಿನಿಯರುಗಳಿಗೆ ಈ ಹೆಸರು ಗೊತ್ತಿರಲೇಬೇಕು. 1940ರಲ್ಲಿ ಮೈಸೂರು ಸಂಸ್ಥಾನದ ಜೊತೆ ಸೇರಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಶುರು ಮಾಡಿದವರು ಅವರೇ. ಇವತ್ತಿನ ಎಚ್‌ಎಎಲ್ ಅದು. ಸಾಂಗ್ಲಿಯ ವಾಲ್‌ಚಂದ್ ಕಾಲೇಜು, ಪುಣೆ ಜಿಲ್ಲೆಯ ವಾಲ್‌ಚಂದ್‌ನಗರ ಎಲ್ಲ ಅದೇ ಹೆಸರು. ಮಗ ವಿಮಾನ, ಹಡಗು, ಕಾರು ಅಂತ ಹೋದ. ಅಪ್ಪನ ತಲೆಯಲ್ಲಿ ತುಂಬಿಕೊಂಡಿದ್ದು ಬೇರೆಯೇ: ಮೂಡಬಿದಿರೆಯ ತಾಳೆಗರಿಗಳು.

ಪುಸ್ತಕದಲ್ಲಿ ಏನಿದೆ

ಕಥೆಗೆ ಹೋಗುವ ಮೊದಲು ಪುಸ್ತಕವನ್ನು ನೋಡೋಣ. ಹೆಸರು ಕಸಾಯಪಾಹುಡ. ಪ್ರಾಕೃತ ಭಾಷೆ, ಬರೆದವರು ಗುಣಧರ ಆಚಾರ್ಯರು, ಕಾಲ ಕ್ರಿಸ್ತಶಕದ ಆರಂಭದ ಶತಮಾನಗಳು. ಮೂಲ ಗಾಥೆಗಳು ಇನ್ನೂರು ಚಿಲ್ಲರೆ ಮಾತ್ರ. ಅದರ ಮೇಲೆ ಯತಿವೃಷಭರ ಚೂರ್ಣಿಸೂತ್ರ, ಅದರ ಮೇಲೆ ಜಯಧವಲಾ ಎಂಬ 60,000 ಶ್ಲೋಕ ಪ್ರಮಾಣದ ಟೀಕೆ. ಈ ಟೀಕೆಯನ್ನು ವೀರಸೇನರು ಶುರು ಮಾಡಿ 20,000 ಶ್ಲೋಕದಷ್ಟು ಬರೆದು ತೀರಿಕೊಂಡರು. ಶಿಷ್ಯ ಜಿನಸೇನರು ಮಿಕ್ಕ 40,000 ಬರೆದು ಶಕ 759ರಲ್ಲಿ, ಅಂದರೆ ಕ್ರಿ.ಶ. 837ರಲ್ಲಿ ಮುಗಿಸಿದರು. ಆಗ ಆಳುತ್ತಿದ್ದವನು ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗ. ಕವಿರಾಜಮಾರ್ಗ ಹುಟ್ಟಿದ್ದು ಅವನ ಆಸ್ಥಾನದಲ್ಲೇ. ಪುಣೆ ಸೀಮೆಯೂ ಆಗ ರಾಷ್ಟ್ರಕೂಟರದ್ದೇ. ಈ ಜಿಲ್ಲೆಯ ತಳೇಗಾಂವ್‌ನಲ್ಲಿ ಸಿಕ್ಕ ಒಂದನೇ ಕೃಷ್ಣನ 768ರ ತಾಮ್ರಪಟದಲ್ಲಿ ಪುಣೆಯ ಹೆಸರು 'ಪುಣಕ ವಿಷಯ' ಅಂತ ಬರುತ್ತೆ. ಹಾಗಾಗಿ ನಾವು ಇಲ್ಲಿ ತೀರಾ ಹೊಸಬರೇನಲ್ಲ ಅಂತ ತಮಾಷೆಗೆ ಹೇಳಬಹುದು!

'ಸಿಟ್ಟು ಕೆಟ್ಟದ್ದು, ಬಿಟ್ಟುಬಿಡಿ' ಅಂತ ಹೇಳಿ ಈ ಪರಂಪರೆ ಸುಮ್ಮನಾಗುವುದಿಲ್ಲ. ಅದು ಕೇಳುವ ಪ್ರಶ್ನೆ: ಎಷ್ಟು ಹೊತ್ತು ಇರುತ್ತೆ? ಒಂದೊಂದು ಕಷಾಯಕ್ಕೂ ನಾಲ್ಕು ದರ್ಜೆ. ಕಲ್ಲಿನ ಮೇಲೆ ಕೊರೆದ ಗೆರೆಯಂಥ ಸಿಟ್ಟು ಒಂದು, ನೆಲ ಬಿರುಕು ಬಿಟ್ಟ ಗೆರೆಯಂಥದ್ದು ಇನ್ನೊಂದು, ಮರಳಿನ ಗೆರೆಯಂಥದ್ದು ಮೂರನೆಯದು, ನೀರಿನ ಮೇಲೆ ಎಳೆದ ಗೆರೆಯಂಥದ್ದು ಕೊನೆಯದು. ಸೊಕ್ಕಿಗೂ ಹೀಗೆಯೇ: ಕಲ್ಲು, ಎಲುಬು, ಕಟ್ಟಿಗೆ, ಬೆತ್ತ, ಯಾವುದು ಎಷ್ಟು ಬಾಗುತ್ತೆ ಅನ್ನೋದೇ ಅಳತೆ. ಶ್ರವಣಬೆಳಗೊಳದ ಚಾವುಂಡರಾಯನ ಗುರು ನೇಮಿಚಂದ್ರರು 10ನೇ ಶತಮಾನದಲ್ಲಿ ಗೊಮ್ಮಟಸಾರದಲ್ಲಿ ಇದಕ್ಕೆ ಕಾಲವನ್ನೂ ಹೇಳುತ್ತಾರೆ. ಅತಿ ಹಗುರಾದ ಸಂಜ್ವಲನ ಕಷಾಯದ ವಾಸನೆ ಒಂದು ಅಂತರ್ಮುಹೂರ್ತ, ಅಂದರೆ 48 ನಿಮಿಷಕ್ಕಿಂತ ಕಡಿಮೆ. ಅದರ ಮೇಲಿನದು ಒಂದು ಪಕ್ಷ. ಅದರ ಮೇಲಿನದು ಆರು ತಿಂಗಳು. ಎಲ್ಲಕ್ಕಿಂತ ಮೇಲಿನದು ಅನಂತಾನುಬಂಧಿ, ಜನ್ಮ ದಾಟಿದರೂ ಬಿಡದೇ ಇರುವಂಥದ್ದು.

ಇದನ್ನು ಓದಿದಾಗ ನನಗೆ ಮೊದಲು ಅನ್ನಿಸಿದ್ದು, ಇದು ಬೈಗುಳ ಅಲ್ಲ, ಅಳತೆಗೋಲು ಅಂತ. ಮುನಿಗೂ ನೀರಿನ ಗೆರೆಯಷ್ಟು ಸಿಟ್ಟು ಬರುತ್ತೆ ಅಂತ ಶಾಸ್ತ್ರವೇ ಒಪ್ಪಿಕೊಳ್ಳುತ್ತೆ. ಬೆಳಗಿನ ಸ್ಟ್ಯಾಂಡಪ್‌ನಲ್ಲಿ ಯಾರೋ ಅಂದ ಮಾತಿಗೆ ಬಂದ ಸಿಟ್ಟು ಮಧ್ಯಾಹ್ನದ ಊಟಕ್ಕೆ ಇಳಿದಿದ್ದರೆ ಅದು ಒಂದು ಜಾತಿ. ಮುಂದಿನ ಅಪ್ರೈಸಲ್ ತನಕ ಫೈಲಿನ ಹಾಗೆ ಕಾಪಾಡಿಕೊಂಡಿದ್ದರೆ ಅದು ಬೇರೆಯೇ ಜಾತಿ. ಶ್ವೇತಾಂಬರರ ಲೆಕ್ಕದಲ್ಲಿ ಈ ಅವಧಿಗಳು ಹದಿನೈದು ದಿನ, ನಾಲ್ಕು ತಿಂಗಳು, ಒಂದು ವರ್ಷ, ಜೀವನಪರ್ಯಂತ. ಅವರು ಪಕ್ಷಕ್ಕೊಮ್ಮೆ, ನಾಲ್ಕು ತಿಂಗಳಿಗೊಮ್ಮೆ, ವರ್ಷಕ್ಕೊಮ್ಮೆ ಪ್ರತಿಕ್ರಮಣ ಮಾಡುವುದನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಒಂದೊಂದು ಪ್ರತಿಕ್ರಮಣವೂ ಸಿಟ್ಟು ಮುಂದಿನ ದರ್ಜೆಗೆ ಬಡ್ತಿ ಪಡೆಯುವ ಮೊದಲು ಹಾಕುವ ತಡೆ. ಪುಣೆಯ ನಿಮ್ಮ ಮಾರವಾಡಿ, ಗುಜರಾತಿ ಸಹೋದ್ಯೋಗಿಗಳು ಸಂವತ್ಸರಿಯ ದಿನ 'ಮಿಚ್ಛಾಮಿ ದುಕ್ಕಡಂ' ಅಂತ ವಾಟ್ಸಾಪ್ ಕಳಿಸುತ್ತಾರಲ್ಲ, ಅದರ ಹಿಂದೆ ಇಷ್ಟು ಲೆಕ್ಕ ಇದೆ.

ಇನ್ನೊಂದು ಮುಖ್ಯ ವಿಷಯ. ಕಷಾಯವನ್ನು ಗೆಲ್ಲುವುದರಲ್ಲಿ ಎರಡು ದಾರಿ ಅಂತ ಈ ಗ್ರಂಥ ಬೇರೆ ಮಾಡುತ್ತೆ: ಉಪಶಮ ಮತ್ತು ಕ್ಷಯ. ಕೆಸರು ನೀರಿಗೆ ಚಿಲ್ಲದ ಬೀಜ ತೇಯ್ದು ಹಾಕಿದರೆ ಕೆಸರು ತಳಕ್ಕೆ ಕೂರುತ್ತೆ, ಮೇಲಿನ ನೀರು ತಿಳಿಯಾಗಿ ಕಾಣುತ್ತೆ. ಇದು ಉಪಶಮ. ಆ ತಿಳಿ ನೀರನ್ನು ಬೇರೆ ಪಾತ್ರೆಗೆ ಬಸಿದುಕೊಂಡರೆ ಕ್ಷಯ. ಮೊದಲ ದಾರಿಯಲ್ಲಿ ಹನ್ನೊಂದನೆಯ ಗುಣಸ್ಥಾನದ ತನಕ ಏರಬಹುದು, ಆದರೆ ಅಲ್ಲಿಂದ ಬೀಳಲೇಬೇಕು, ಯಾಕಂದ್ರೆ ಕೆಸರು ಪಾತ್ರೆಯಲ್ಲೇ ಇದೆ. ಎರಡನೆಯ ದಾರಿಯಲ್ಲಿ ಮೊದಲು ಕ್ರೋಧ, ಆಮೇಲೆ ಮಾನ, ಆಮೇಲೆ ಮಾಯೆ ಹೋಗುತ್ತವೆ. ಎಲ್ಲಕ್ಕೂ ಕೊನೆಗೆ ಹೋಗುವುದು ಲೋಭ, ಅದೂ ಬಹಳ ಸೂಕ್ಷ್ಮವಾದ ಲೋಭ. ಈ 'ಸೂಕ್ಷ್ಮ ಲೋಭ'ವನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಬೀಗ

ಈಗ ಮೂಡಬಿದಿರೆಗೆ ಬರೋಣ. 19ನೇ ಶತಮಾನದ ಕೊನೆಯ ಹೊತ್ತಿಗೆ ಧವಲಾ, ಜಯಧವಲಾ ಎರಡರದ್ದೂ ಬಳಕೆಯಲ್ಲಿದ್ದ ಪ್ರತಿ ಬೇರೆಲ್ಲೂ ಇರಲಿಲ್ಲ. ಹಳಗನ್ನಡ ಲಿಪಿಯ ತಾಳೆಗರಿಗಳು ಮೂಡಬಿದಿರೆಯ ಗುರುಬಸದಿಯಲ್ಲಿ ಮಾತ್ರ ಇದ್ದವು. ಸಿದ್ಧಾಂತ ಗ್ರಂಥ ಇರುವ ಕಾರಣಕ್ಕೇ ಅದಕ್ಕೆ ಸಿದ್ಧಾಂತ ಬಸದಿ ಅಂತಲೂ ಹೆಸರು. ಯಾತ್ರಿಕರು ಬರುತ್ತಿದ್ದರು, ಗರಿಗಳ ದರ್ಶನ ಮಾಡಿ ಕೈಮುಗಿದು ಹೋಗುತ್ತಿದ್ದರು. ಓದುವವರು ಇರಲಿಲ್ಲ. ಗೃಹಸ್ಥರು ಸಿದ್ಧಾಂತ ಓದಬಾರದು ಎಂಬ ನಂಬಿಕೆಯೂ ಜೊತೆಗಿತ್ತು. ಹುಳ, ತೇವ, ಕಾಲ ಮಾತ್ರ ಯಾವ ನಂಬಿಕೆಯನ್ನೂ ಕೇಳುವುದಿಲ್ಲ. ಗರಿಗಳು ಸವೆಯುತ್ತಿದ್ದವು.

ಹಾಗಂತ ಮೂಡಬಿದಿರೆಯವರನ್ನು ದೂರುವುದು ಸುಲಭ, ನ್ಯಾಯ ಅಲ್ಲ. ರಾಜ್ಯಗಳು ಬಂದು ಹೋದರೂ, ಉತ್ತರದಲ್ಲಿ ಎಲ್ಲೂ ಉಳಿಯದ ಗ್ರಂಥ ಉಳಿದಿದ್ದು ಅವರು ಬಿಗಿಯಾಗಿ ಹಿಡಿದುಕೊಂಡಿದ್ದಕ್ಕೇ. ಆದರೆ ಕಾಪಾಡಿದ ಕೈಗೆ ತೆರೆಯುವುದು ಕಷ್ಟ. ಅದನ್ನೇ ನಾನು ಸೂಕ್ಷ್ಮ ಲೋಭ ಅನ್ನೋದು. ತನಗೋಸ್ಕರ ಏನೂ ಬೇಡ, ಆದರೆ 'ಇದು ನಮ್ಮ ಹತ್ತಿರ ಮಾತ್ರ ಇದೆ' ಅನ್ನುವ ಹಿಡಿತ ಬಿಡುವುದಿಲ್ಲ.

1883ರ ಸುಮಾರಿಗೆ ಮುಂಬೈಯ ಸೇಠ್ ಮಾಣಿಕಚಂದ್ ಯಾತ್ರೆಗೆ ಬಂದು ಈ ಗರಿಗಳನ್ನು ಕಂಡರು. ಇದನ್ನು ಓದಬಲ್ಲವರು ಯಾರು ಅಂತ ಕೇಳಿದಾಗ ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳ ಹೆಸರು ಬಂತು. ಮಾಣಿಕಚಂದ್ ಸೊಲ್ಲಾಪುರದ ಗೆಳೆಯ ಹೀರಾಚಂದ್‌ಗೆ ವಿಷಯ ತಿಳಿಸಿದರು. ಹೀರಾಚಂದ್ ಬ್ರಹ್ಮಸೂರಿ ಶಾಸ್ತ್ರಿಗಳನ್ನು ಕರೆದುಕೊಂಡು ಮೂಡಬಿದಿರೆಗೆ ಹೋಗಿ ಓದಿಸಿ ಕೇಳಿದರು. ಆಮೇಲೆ ಹಣ ಕೂಡಿಸುವುದು, ಪಂಚರನ್ನು ಒಪ್ಪಿಸುವುದು, ಪತ್ರ ಬರೆಯುವುದು. ವರ್ಷಗಳೇ ಕಳೆದವು. 1896ರಲ್ಲಿ ಅಂತೂ ಪ್ರತಿ ಮಾಡುವ ಕೆಲಸ ಶುರುವಾಯಿತು. ಒಂದು ಷರತ್ತು: ಪ್ರತಿ ಮೂಡಬಿದಿರೆಯಿಂದ ಹೊರಗೆ ಹೋಗಕೂಡದು.

ಬರೆಯಲು ಕೂತವರು ಬ್ರಹ್ಮಸೂರಿ ಶಾಸ್ತ್ರಿಗಳು ಮತ್ತು ಮಿರಜಿನ ಗಜಪತಿ ಉಪಾಧ್ಯಾಯರು. ಬ್ರಹ್ಮಸೂರಿಗಳು ನಡುವೆಯೇ ತೀರಿಕೊಂಡರು. ಗಜಪತಿ ಮುಂದುವರಿಸಿದರು. ಎಲ್ಲ ಗ್ರಂಥಗಳ ನಾಗರಿ, ಕನ್ನಡ ಪ್ರತಿಗಳು ಮುಗಿದಿದ್ದು 1922ರಲ್ಲಿ. 26 ವರ್ಷ. ನಮ್ಮಲ್ಲಿ ಎರಡು ವರ್ಷದ ಪ್ರಾಜೆಕ್ಟಿಗೇ ಅರ್ಧ ಟೀಂ ಬದಲಾಗಿರುತ್ತೆ.

ಕಳ್ಳಪ್ರತಿ

ಗಜಪತಿ ಉಪಾಧ್ಯಾಯರು ಹಗಲು ಬಸದಿಗಾಗಿ ಬರೆಯುತ್ತಿದ್ದ ಕಾಲದಲ್ಲೇ ಗುಟ್ಟಾಗಿ ಇನ್ನೊಂದು ಕನ್ನಡ ಪ್ರತಿ ತಯಾರಾಗುತ್ತಿತ್ತು. ಅದಕ್ಕೆ ಕೈಜೋಡಿಸಿದವರು ಅವರ ಹೆಂಡತಿ ಲಕ್ಷ್ಮೀಬಾಯಿ. ಒಂದು ಕ್ಷಣ ಯೋಚನೆ ಮಾಡಿ. ಸಾಮಾನ್ಯ ಗೃಹಸ್ಥ ಗಂಡಸರಿಗೇ ಓದಲು ಕೊಡದ ಪುಸ್ತಕವನ್ನು ಒಬ್ಬ ಗೃಹಿಣಿ ಅಕ್ಷರ ಅಕ್ಷರವಾಗಿ ಬರೆದಳು. ಈಕೆಯ ಬಗ್ಗೆ ಇತಿಹಾಸ ಉಳಿಸಿಕೊಂಡಿರುವುದು ಬಹುತೇಕ ಹೆಸರನ್ನಷ್ಟೇ.

ಪ್ರತಿ ಸಿದ್ಧವಾದ ಮೇಲೆ ಗಜಪತಿ ಅದನ್ನು ತೆಗೆದುಕೊಂಡು ಎಲ್ಲಿಗೆ ಹೋದರು? ಸೊಲ್ಲಾಪುರಕ್ಕೆ, ಹೀರಾಚಂದ್ ಮನೆಗೆ. ಇದು ಸಹಜವೇ. ಈ ಪುಸ್ತಕ ಹೊರಗೆ ಬರಲಿ ಅಂತ ಆ ದಿನಗಳಲ್ಲಿ ಅವರಷ್ಟು ಒದ್ದಾಡಿದವರು ಇಲ್ಲ. ಹಣ ಕೊಟ್ಟು ಇಟ್ಟುಕೊಳ್ಳಿ ಅಂತ ಕೇಳಿದರು.

ಹೀರಾಚಂದ್ ಬೇಡ ಅಂದರು.

ಅಷ್ಟೇ ಅಲ್ಲ, ನೀವೂ ತೆಗೆದುಕೊಳ್ಳಬೇಡಿ ಅಂತ ಮಾಣಿಕಚಂದ್‌ಗೂ ಬರೆದರು. ಹೊರಗೆ ಒಯ್ಯುವುದಿಲ್ಲ ಅಂತ ಮೂಡಬಿದಿರೆಯವರ ಜೊತೆ ಮಾತಾಗಿತ್ತು, ಮಾತು ಮಾತೇ.

ಗಜಪತಿ ಉತ್ತರಕ್ಕೆ ಹೋದರು. ಸಹಾರನಪುರದ ಲಾಲಾ ಜಂಬೂಪ್ರಸಾದ್ ಆ ಪ್ರತಿಯನ್ನು ಪಡೆದು ತಮ್ಮ ಮಂದಿರದಲ್ಲಿ ಇಟ್ಟರು. ಅಲ್ಲಿ ಕನ್ನಡ ಓದುವವರು ಯಾರು? ದಕ್ಷಿಣದಿಂದ ಹೋದ ವಿಜಯಚಂದ್ರಯ್ಯ ಕನ್ನಡದಲ್ಲಿ ಓದಿ ಹೇಳಿದರು, ಸೀತಾರಾಮ ಶಾಸ್ತ್ರಿ ನಾಗರಿಯಲ್ಲಿ ಬರೆದರು. ಈಗ ಸಹಾರನಪುರದ ಮಂದಿರವೇ ಹೊಸ ಬೀಗ. ಆದರೆ ಸೀತಾರಾಮ ಶಾಸ್ತ್ರಿ ಗುಟ್ಟಾಗಿ ತಮಗೊಂದು ಪ್ರತಿ ಉಳಿಸಿಕೊಂಡರು. ಅದರಿಂದ ಅಮರಾವತಿ, ಕಾರಂಜಾ, ಆರಾ ಹೀಗೆ ಊರೂರಿಗೆ ಪ್ರತಿಗಳು ಹೋದವು. ಆ ಪ್ರತಿಗಳ ಆಧಾರದ ಮೇಲೆ ಹೀರಾಲಾಲ್ ಜೈನ್ 1939ರಲ್ಲಿ ಅಮರಾವತಿಯಿಂದ ಧವಲಾ ಸಹಿತ ಷಟ್ಖಂಡಾಗಮದ ಮೊದಲ ಸಂಪುಟ ತಂದರು. ಕಸಾಯಪಾಹುಡ ಜಯಧವಲಾ ಸಹಿತ 1944ರಿಂದ ಮಥುರಾದಿಂದ ಅಚ್ಚಾಗತೊಡಗಿತು. ಅಚ್ಚು ಶುರುವಾದ ಮೇಲೆ ಮೂಡಬಿದಿರೆಯವರೇ ಮನಸ್ಸು ತೆರೆದು, ಮೂಲ ಗರಿಗಳ ಜೊತೆ ಪಾಠ ಹೋಲಿಸಿ ನೋಡಲು ಅವಕಾಶ ಕೊಟ್ಟರು.

ಯಾರು ಸರಿ?

ನಮ್ಮಂಥವರಿಗೆ ಇದು ಹಳೇ ಕಥೆ ಅನ್ನಿಸೋದೇ ಇಲ್ಲ. ಕ್ಲೈಂಟಿನ ಕೋಡ್ ಪೆನ್‌ಡ್ರೈವಿಗೆ ಹಾಕಿಕೊಂಡು ಹೋಗುವವನು 'ಒಳ್ಳೆಯ ಕೆಲಸಕ್ಕೆ' ಅಂತಲೇ ಹೇಳೋದು. ಕೆಲವೊಮ್ಮೆ ಅದು ನಿಜವೂ ಆಗಿರುತ್ತೆ. ಗಜಪತಿ ಮಾಡಿದ್ದು ಮಾಯೆಯೋ, ಪ್ರೀತಿಯೋ?

ತಮಾಷೆ ಅಂದ್ರೆ, ಅವರು ಕದ್ದು ಬರೆದ ಪುಸ್ತಕದಲ್ಲೇ ಈ ಪ್ರಶ್ನೆ ಇದೆ. ಕಸಾಯಪಾಹುಡಕ್ಕೆ ಇನ್ನೊಂದು ಹೆಸರು ಪೇಜ್ಜದೋಸಪಾಹುಡ. ಪೇಜ್ಜ ಅಂದ್ರೆ ಪ್ರೀತಿ, ದೋಸ ಅಂದ್ರೆ ದ್ವೇಷ. ನಾಲ್ಕು ಕಷಾಯಗಳಲ್ಲಿ ಯಾವುದು ಪ್ರೀತಿಯ ಕಡೆ, ಯಾವುದು ದ್ವೇಷದ ಕಡೆ ಅಂತ ಯತಿವೃಷಭರು ವಿಂಗಡಿಸುತ್ತಾರೆ. ಸಂಗ್ರಹ ನಯದಿಂದ ನೋಡಿದರೆ ಕ್ರೋಧ, ಮಾನ ದ್ವೇಷ. ಮಾಯೆ, ಲೋಭ ಪ್ರೀತಿ. ವ್ಯವಹಾರ ನಯದಿಂದ ನೋಡಿದರೆ ಮಾಯೆಯೂ ದ್ವೇಷದ ಕಡೆಗೇ ಬೀಳುತ್ತೆ. ಯಾಕೆ? ಜಯಧವಲಾ ಕೊಡುವ ಕಾರಣ ಇದು: ಕಪಟದಿಂದ ನಂಬಿಕೆ ಕೆಡುತ್ತೆ, ಲೋಕ ಅದನ್ನು ನಿಂದಿಸುತ್ತೆ. ಲೋಭದ ವಿಷಯದಲ್ಲಿ ಇನ್ನೂ ಸೂಕ್ಷ್ಮ. ರತ್ನತ್ರಯದ ಸಾಧನಗಳ ಮೇಲಿನ ಲೋಭ ಮೇಲಕ್ಕೂ ಒಯ್ಯಬಲ್ಲದು, ಅದನ್ನು ಒಂದು ರೀತಿಯಲ್ಲಿ ಪ್ರೀತಿ ಅನ್ನಬಹುದು ಅಂತ ಅದೇ ಟೀಕೆ ಹೇಳುತ್ತೆ. ಪವಿತ್ರ ಪುಸ್ತಕದ ಮೇಲಿನ ಆಸೆ ಇದರೊಳಗೆ ಬರುವುದಿಲ್ಲವೇ?

ಆ ಲೆಕ್ಕದಲ್ಲಿ ಗಜಪತಿ ದಂಪತಿಯ ಆಸೆಗೆ ಒಂದು ಜಾಗ ಸಿಗುತ್ತೆ. ಬಳಸಿದ ದಾರಿಗೆ ಸಿಗುವುದಿಲ್ಲ. ಅವರು ಹೊರಗೆ ತರದಿದ್ದರೆ ಅಚ್ಚು ಇನ್ನೂ ಎಷ್ಟು ವರ್ಷ ತಡವಾಗುತ್ತಿತ್ತೋ. ಇದು ಉಪಕಾರ, ಒಪ್ಪಲೇಬೇಕು. ಆದರೂ ನನ್ನ ಮನಸ್ಸು ನಿಲ್ಲೋದು ಸೊಲ್ಲಾಪುರದ ಆ ಮನೆಯಲ್ಲಿ. ನಿಮ್ಮ ಆಯುಷ್ಯದ ದೊಡ್ಡ ಆಸೆ ಬಟ್ಟೆಯ ಗಂಟಿನಲ್ಲಿ ಎದುರಿಗೆ ಬಂದು ಕೂತಿದೆ. ಕೊಳ್ಳಲು ಹಣ ಇದೆ. ಕಾರಣ ಪವಿತ್ರ. ಯಾರೂ ಬೈಯುವುದಿಲ್ಲ, ಹೊಗಳಬಹುದು. ಆಗ ಕೈ ಹಿಂದಕ್ಕೆ ತೆಗೆಯುವುದು ಇದೆಯಲ್ಲ, ಸಂಯಮ ಅನ್ನೋ ಪದಕ್ಕೆ ಅದಕ್ಕಿಂತ ನೇರವಾದ ಉದಾಹರಣೆ ನನಗೆ ಸಿಕ್ಕಿಲ್ಲ. ಉಪವಾಸ ಮಾಡಿ ನಾಲಿಗೆ ಗೆಲ್ಲುವುದು ಕಷ್ಟವೇ, ಆದರೆ ಅಲ್ಲಿ ಶತ್ರು ಕಾಣಿಸುತ್ತಾನೆ. ಇಲ್ಲಿ ಲೋಭ ಭಕ್ತಿಯ ಬಟ್ಟೆ ಹಾಕಿಕೊಂಡು ಬಂದಿತ್ತು. ಹೀರಾಚಂದ್ ಗುರುತು ಹಿಡಿದರು. ಅವರು ಇನ್ನೂ ಆ ಗ್ರಂಥವನ್ನು ಪೂರ್ತಿ ಓದಿರಲಿಲ್ಲ. ಓದಿದವರಿಗಿಂತ ಚೆನ್ನಾಗಿ ಅರ್ಥ ಮಾಡಿಕೊಂಡಿದ್ದರು ಅನ್ನಿಸುತ್ತೆ.

ಕನ್ನಡದ ಪಾಲು

ಕೊನೆಗೆ, ಪುಣೆ ಮತ್ತು ಕನ್ನಡ ಸೇರುವ ಇನ್ನೊಂದು ಎಳೆ. ಅಮರಾವತಿಯ ಆ ಸಂಪಾದನೆಯಲ್ಲಿ ಹೀರಾಲಾಲ್ ಜೈನ್ ಜೊತೆಗಿದ್ದವರು ಆ.ನೇ. ಉಪಾಧ್ಯೆ. ಚಿಕ್ಕೋಡಿ ಸೀಮೆಯ ಸದಲಗಾದಲ್ಲಿ 1906ರಲ್ಲಿ ಹುಟ್ಟಿದವರು, ಪುಣೆಯ ಭಂಡಾರಕರ್ ಸಂಸ್ಥೆಯಲ್ಲಿ ಓದಿ, ಕೊಲ್ಲಾಪುರದ ರಾಜಾರಾಂ ಕಾಲೇಜಿನಲ್ಲಿ ಕಲಿಸಿದವರು. 1967ರ ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರೂ ಆಗಿದ್ದರು. ಗೊಮ್ಮಟಸಾರಕ್ಕಿದ್ದ ಸಂಸ್ಕೃತ ಟೀಕೆ, ಕೇಶವವರ್ಣಿ 1359ರಲ್ಲಿ ಕನ್ನಡದಲ್ಲಿ ಬರೆದ ಟೀಕೆಯ ಮೇಲೆ ನಿಂತಿದೆ ಅಂತ ತೋರಿಸಿಕೊಟ್ಟವರು ಇವರು. ಆ ಸಂಸ್ಕೃತವನ್ನು ನೋಡಿಕೊಂಡು ಜೈಪುರದ ಪಂಡಿತ ಟೋಡರಮಲ್ಲರು 18ನೇ ಶತಮಾನದಲ್ಲಿ ತಮ್ಮ ಭಾಷೆಯಲ್ಲಿ ಬರೆದರು. ಅಂದರೆ ಕಲ್ಲಿನ ಗೆರೆ, ನೀರಿನ ಗೆರೆಯ ಲೆಕ್ಕವನ್ನು ಉತ್ತರದ ದಿಗಂಬರ ಜೈನರು ಮನೆಮನೆಯಲ್ಲಿ ಕಲಿತದ್ದರ ಹಿಂದೆ ಒಂದು ಕನ್ನಡ ಪುಸ್ತಕ ಇದೆ.

ಹೆಮ್ಮೆ ಪಡಿ ಅಂತ ಹೇಳಬೇಕು ಅನ್ನಿಸುತ್ತೆ, ಆದರೆ ಮಾನವೂ ಕಷಾಯಗಳ ಪಟ್ಟಿಯಲ್ಲಿ ಎರಡನೆಯದು! ಹಾಗಾಗಿ ಸಣ್ಣದೊಂದು ಕೆಲಸ ಹೇಳಿ ಮುಗಿಸುತ್ತೇನೆ. ಈ ವಾರ ಬಂದ ಒಂದು ಸಿಟ್ಟನ್ನು ಎತ್ತಿಕೊಳ್ಳಿ. ಸರಿಯೋ ತಪ್ಪೋ ಅಂತ ವಾದ ಮಾಡಬೇಡಿ. ಎಷ್ಟು ಹೊತ್ತು ಇತ್ತು ಅಂತ ಮಾತ್ರ ನೋಡಿ: 48 ನಿಮಿಷವೋ, ಒಂದು ಪಕ್ಷವೋ, ಆರು ತಿಂಗಳೋ. ಅದು ಗೊತ್ತಾದರೆ ಗೆರೆ ಯಾವುದರ ಮೇಲೆ ಬಿದ್ದಿದೆ ಅಂತ ನಿಮಗೇ ತಿಳಿಯುತ್ತೆ. ಹಾಗೆಯೇ 'ಒಳ್ಳೆಯದಕ್ಕೇ ತಾನೆ' ಅಂತ ಕೈ ಚಾಚುವ ಆಸೆಯೊಂದು ಎದುರಾದರೆ, ಮಾಡೆಲ್ ಕಾಲೊನಿಯ ಆ ಬೋರ್ಡಿನ ಹೆಸರನ್ನು ಒಮ್ಮೆ ನೆನಪು ಮಾಡಿಕೊಳ್ಳಿ.

ಮುಂದಿನ ವಾರ ಸಿಗೋಣ. ನಮಸ್ಕಾರ.